ಕ್ಲೋರಿನ್ ಮೇಲೆ ಗೂಬೆ ಕೂರಿಸಬೇಡಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ವಾಚಕರ ಪತ್ರಗಳಲ್ಲಿ ಒಬ್ಬ ತಾಯಿ ಬರೆದಿದ್ದನ್ನು ಓದಿದೆ. ಬೇಸಿಗೆ ರಜೆಗೆ ಮಕ್ಕಳನ್ನು ರೆಸಾರ್ಟ್‌ಗೆ ಕರೆದುಕೊಂಡು ಹೋಗಿದ್ದರಂತೆ. ಸಂಜೆಯೆಲ್ಲ ಮಕ್ಕಳು ಜಕೂಝಿಯಲ್ಲಿ, ಅಂದರೆ ಬಿಸಿನೀರು ಬುಳುಬುಳು ಅನ್ನುವ ಆ ತೊಟ್ಟಿಯಲ್ಲಿ, ಕೂತಿದ್ದರಂತೆ. ಮನೆಗೆ ಬಂದ ಎರಡನೇ ದಿನಕ್ಕೆ ಮಗಳ ಹೊಟ್ಟೆ, ಸೊಂಟ, ತೊಡೆಯ ಮೇಲೆಲ್ಲ ಕೆಂಪು ಗುಳ್ಳೆ. ರಾತ್ರಿಯಿಡೀ ತುರಿಕೆ. ಕ್ಲೋರಿನ್ ಅನ್ನುವ ವಿಷವನ್ನು ಮನಸ್ಸಿಗೆ ಬಂದಷ್ಟು ಸುರಿಯುತ್ತಾರೆ, ಸರ್ಕಾರ ಇದನ್ನು ಕಡಿಮೆ ಮಾಡಿಸಬೇಕು ಅಂತ ಅವರು ಕೇಳಿದ್ದರು.

ಆ ತಾಯಿಯ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಅವರು ಕೇಳಿದ್ದು ನಡೆದರೆ ಇನ್ನಷ್ಟು ಮಕ್ಕಳು ತುರಿಸಿಕೊಳ್ಳುತ್ತಾರೆ. ಅದಕ್ಕೇ ಈ ಪತ್ರ.

ನಾನು ಬೆಂಗಳೂರಿನಲ್ಲಿ 17 ವರ್ಷದಿಂದ ಈಜುಕೊಳದ ನೀರು ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದೇನೆ. ಹುಟ್ಟಿದ್ದು ಮದ್ದೂರು ಕಡೆ. ಓದಿದ್ದು ಪಿಯುಸಿವರೆಗೆ, ಅದೂ ಫೇಲು. ಈಜು ಕಲಿತಿದ್ದು ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು ನಮ್ಮ ದೊಡ್ಡಪ್ಪನ ತೋಟದ ಬಾವಿಯಲ್ಲಿ. ಈಗ ಒಂದು ದೊಡ್ಡ ಅಪಾರ್ಟ್‌ಮೆಂಟ್‌ನ ಕ್ಲಬ್‌ಹೌಸ್‌ನಲ್ಲಿದ್ದೇನೆ. ಬೆಳಿಗ್ಗೆ ಐದಕ್ಕೆ ಪಂಪ್ ರೂಮಿನ ಬಾಗಿಲು ತೆಗೆಯುವುದು, ನೀರನ್ನು ಹಿಂದಕ್ಕೆ ಹರಿಸಿ ಫಿಲ್ಟರ್ ತೊಳೆಯುವುದು, ತಳ ಗುಡಿಸುವುದು, ನೀರು ಪರೀಕ್ಷೆ ಮಾಡುವುದು, ಕ್ಲೋರಿನ್ ಪೌಡರ್ ಹಾಕುವುದು. ಇಷ್ಟೇ ಕೆಲಸ. ಜನರ ಕಣ್ಣಿಗೆ ನಾವು ಬಲೆ ಹಿಡಿದು ಎಲೆ ತೆಗೆಯುವವರು.

ಆ ತಾಯಿ ಬರೆದಿರುವ ಗುಳ್ಳೆ ನಾನು ನೋಡಿದ್ದೇನೆ. ನನ್ನ ಕೈಕೆಳಗಿನ ನೀರಿನಲ್ಲೇ ಆಗಿತ್ತು.

ಎರಡು ವರ್ಷದ ಹಿಂದೆ, ಡಿಸೆಂಬರ್ ಕೊನೆಯ ವಾರ. ನಾನು ತಂಗಿ ಮಗಳ ನಾಮಕರಣಕ್ಕೆ ಅಂತ ಎರಡು ದಿನ ಊರಿಗೆ ಹೋಗಿದ್ದೆ. ನನ್ನ ಜಾಗಕ್ಕೆ ಏಜೆನ್ಸಿಯವರು ಒಬ್ಬ ಹುಡುಗನನ್ನು ಕಳಿಸಿದ್ದರು. ಶನಿವಾರ ಸಂಜೆ ಒಂದು ಮನೆಯವರ ಹುಟ್ಟುಹಬ್ಬದ ಪಾರ್ಟಿ ಇತ್ತು. ಚಳಿಗಾಲ ನೋಡಿ, ಕೊಳದ ನೀರು ಕೊರೆಯುತ್ತಿರುತ್ತದೆ. ಮಕ್ಕಳೆಲ್ಲ ಹೋಗಿ ಜಕೂಝಿಗೆ ತುಂಬಿಕೊಂಡರು. ಆರು ಜನ ಕೂರುವ ತೊಟ್ಟಿ ಅದು. ನಾಲ್ಕರಿಂದ ಎಂಟರವರೆಗೆ ಹದಿನಾಲ್ಕು ಮಕ್ಕಳು ಹತ್ತಿ ಇಳಿದು ಮಾಡಿದ್ದಾರೆ. ಹುಡುಗ ಬೆಳಿಗ್ಗೆ ಏಳಕ್ಕೆ ಒಂದು ಸಲ ಟೆಸ್ಟ್ ಮಾಡಿದ್ದ, ಸರಿ ಇತ್ತು. ಆಮೇಲೆ ಮಾಡಿಲ್ಲ. ಅವನಿಗೆ ಹೇಳಿದವರೂ ಇಲ್ಲ. ತಪ್ಪು ನನ್ನದೇ ಅನ್ನಿ, ಹೇಳಿ ಹೋಗಬೇಕಿತ್ತು.

ಸೋಮವಾರ ನಾನು ವಾಪಸ್ ಬರುವ ಹೊತ್ತಿಗೆ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋಗಳ ಮೇಲೆ ಫೋಟೋ. ಹೊಟ್ಟೆ, ಬೆನ್ನು, ತೊಡೆ. ಅಸೋಸಿಯೇಷನ್‌ನವರು ನನ್ನನ್ನು ಕರೆಸಿದರು.

"ಏನಪ್ಪಾ, ಎಷ್ಟು ಕ್ಲೋರಿನ್ ಸುರಿದಿದ್ದೀಯ? ಮಕ್ಕಳ ಚರ್ಮ ಸುಟ್ಟು ಹೋಗಿದೆ. ಇನ್ಮೇಲೆ ಅರ್ಧ ಮಾಡು."

ನಾನು "ಆಯ್ತು ಸಾರ್" ಅಂದೆ. ಅರ್ಧ ಮಾಡಿದೆ. ಆಗ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಹದಿನೈದು ವರ್ಷ ಪೌಡರ್ ಹಾಕಿದವನಿಗೆ ಏನು ಹಾಕುತ್ತಿದ್ದೇನೆ ಅನ್ನುವುದು ಗೊತ್ತಿತ್ತು, ಯಾಕೆ ಅನ್ನುವುದು ಪೂರ್ತಿ ಗೊತ್ತಿರಲಿಲ್ಲ.

ಮುಂದಿನ ಭಾನುವಾರ ಮತ್ತೆ ನಾಲ್ಕು ಜನರಿಗೆ ಗುಳ್ಳೆ. ಈ ಸಲ ಮಕ್ಕಳಲ್ಲ, ದೊಡ್ಡವರು. ಬ್ಯಾಡ್ಮಿಂಟನ್ ಆಡಿ ಬಂದು ಮೈ ಬೆಚ್ಚಗೆ ಮಾಡಿಕೊಳ್ಳಲು ಕೂತಿದ್ದವರು. ಅವರಲ್ಲಿ ಒಬ್ಬರು ನನಗೆ ಅರ್ಧ ಮಾಡು ಅಂದವರೇ. ನಗಬಾರದು, ಆದರೂ ಆ ದಿನ ಪಂಪ್ ರೂಮಿನಲ್ಲಿ ಒಬ್ಬನೇ ನಕ್ಕಿದ್ದೇನೆ.

ಅದೇ ಅಪಾರ್ಟ್‌ಮೆಂಟ್‌ನಲ್ಲಿ ಒಬ್ಬರು ಚರ್ಮದ ಡಾಕ್ಟರ್ ಇದ್ದಾರೆ. ಅಲ್ಲಿಯವರೆಗೆ ಅವರನ್ನು ಯಾರೂ ಕೇಳಿರಲಿಲ್ಲ. ಅವರೇ ಕೆಳಗೆ ಇಳಿದು ಬಂದು ನನ್ನನ್ನು ಕೇಳಿದ್ದು ಮೂರೇ ಪ್ರಶ್ನೆ. ಗುಳ್ಳೆ ಆದವರೆಲ್ಲ ಜಕೂಝಿಯಲ್ಲಿ ಇದ್ದವರಾ, ದೊಡ್ಡ ಕೊಳದಲ್ಲಿ ಮಾತ್ರ ಈಜಿದವರಿಗೂ ಆಗಿದೆಯಾ? ನೀರಿನಿಂದ ಎದ್ದ ತಕ್ಷಣ ಉರಿ ಶುರುವಾಯಿತಾ, ಮರುದಿನವಾ? ಗುಳ್ಳೆ ಮೈಯೆಲ್ಲ ಇದೆಯಾ, ಈಜುಡುಗೆ ಮುಚ್ಚಿದ ಕಡೆ ಜಾಸ್ತಿಯಾ?

ನಾನು ಮನೆ ಮನೆಗೆ ಇಂಟರ್‌ಕಾಮ್ ಮಾಡಿ ಕೇಳಿದೆ. ಕೊಳದಲ್ಲಿ ಮಾತ್ರ ಈಜಿದವರಿಗೆ ಒಬ್ಬರಿಗೂ ಇಲ್ಲ. ಎಲ್ಲರಿಗೂ ಒಂದು, ಒಂದೂವರೆ ದಿನ ಬಿಟ್ಟು ಶುರುವಾಗಿದೆ. ಚಡ್ಡಿ, ಸ್ವಿಮ್‌ಸೂಟ್ ಒಳಗೆ ಒತ್ತಾಗಿ ಇದೆ, ಹೊರಗೆ ಅಲ್ಲೊಂದು ಇಲ್ಲೊಂದು. ಇದನ್ನು ಬರೆದುಕೊಂಡು ಹೋಗಿ ಕೊಟ್ಟೆ.

"ಇದು ಕ್ಲೋರಿನ್ ಜಾಸ್ತಿಯಾಗಿ ಆಗಿದ್ದಲ್ಲ, ಸಾಲದೆ ಆಗಿದ್ದು" ಅಂದರು ಡಾಕ್ಟರಮ್ಮ.

ಆಮೇಲೆ ಅವರು ಹೇಳಿಕೊಟ್ಟಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಸ್ಯೂಡೊಮೊನಾಸ್ ಅಂತ ಒಂದು ಬ್ಯಾಕ್ಟೀರಿಯಾ. ಮಣ್ಣಿನಲ್ಲಿ, ನೀರಿನಲ್ಲಿ, ಒದ್ದೆ ಇರುವ ಕಡೆಯೆಲ್ಲ ಇರುತ್ತದೆ. ಕ್ಲೋರಿನ್ ಸರಿಯಾಗಿದ್ದರೆ ನೀರಿನಲ್ಲಿ ಬದುಕುವುದಿಲ್ಲ. ಕ್ಲೋರಿನ್ ಇಳಿದು, ನೀರು ಬೆಚ್ಚಗಿದ್ದರೆ ಅದಕ್ಕೆ ಹಬ್ಬ. ಬಿಸಿನೀರಿನಲ್ಲಿ ಕೂತಾಗ ಅದು ಮೈಯ ರೋಮದ ಬುಡಕ್ಕೆ ಇಳಿಯುತ್ತದೆ. ಒದ್ದೆ ಈಜುಡುಗೆ ಆ ನೀರನ್ನು ಚರ್ಮಕ್ಕೆ ಒತ್ತಿ ಹಿಡಿದುಕೊಂಡಿರುತ್ತದೆ, ಅದಕ್ಕೇ ಅಲ್ಲಿ ಜಾಸ್ತಿ. ಹೊಸದಾಗಿ ಶೇವ್ ಅಥವಾ ವ್ಯಾಕ್ಸ್ ಮಾಡಿದ ಚರ್ಮವಾದರೆ ಅದಕ್ಕೆ ದಾರಿ ಇನ್ನೂ ಸಲೀಸು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಗುಳ್ಳೆ ಏಳುತ್ತದೆ, ಕೆಲವದರ ತುದಿಯಲ್ಲಿ ಕೀವು ಕಾಣುತ್ತದೆ. ಆರೋಗ್ಯವಾಗಿರುವವರಿಗೆ ವಾರ ಹತ್ತು ದಿನದಲ್ಲಿ ತಾನಾಗಿಯೇ ಹೋಗುತ್ತದೆ. ಜ್ವರ ಬಂದರೆ, ಗುಳ್ಳೆ ಹರಡುತ್ತಾ ಹೋದರೆ, ಸಕ್ಕರೆ ಕಾಯಿಲೆ ಇದ್ದರೆ, ರೋಗ ತಡೆಯುವ ಶಕ್ತಿ ಕಡಿಮೆ ಇರುವವರಾದರೆ ಕಾಯುತ್ತಾ ಕೂರಬಾರದು, ತೋರಿಸಬೇಕು.

ಇದೇನು ನಿನ್ನೆ ಮೊನ್ನೆಯ ಸಂಗತಿಯೂ ಅಲ್ಲ. ಅಮೆರಿಕದ ಮಿನೆಸೋಟಾದಲ್ಲಿ ಒಂದು ಮೋಟೆಲ್‌ನ ಇಂಥದೇ ತೊಟ್ಟಿಯಿಂದ ಬಂದ ಗುಳ್ಳೆಯ ವರದಿ 1975ರಷ್ಟು ಹಿಂದಿನದು. ಇದೇ ಬ್ಯಾಕ್ಟೀರಿಯಾ ಕಿವಿಗೆ ಹೋದರೆ ಈಜುವವರ ಕಿವಿನೋವು. ಕೆನಡಾದ ಎಡ್ಮಂಟನ್‌ನಲ್ಲಿ 1998ರಲ್ಲಿ 40 ಮಕ್ಕಳಿಗೆ ಅಂಗಾಲು ಕೆಂಪಗೆ ಊದಿ ಹೆಜ್ಜೆ ಊರಲು ಆಗದಷ್ಟು ನೋವು ಬಂದಿತ್ತಂತೆ. ಚಿಕ್ಕ ಮಕ್ಕಳ ಕೊಳ ಅದು. ಜಾರದಿರಲಿ ಅಂತ ನೆಲವನ್ನು ಒರಟು ಮಾಡಿದ್ದರು, ಎಳೆಯ ಅಂಗಾಲು ತರಚಿತ್ತು, ನೀರಿನಲ್ಲಿ ಈ ಬ್ಯಾಕ್ಟೀರಿಯಾ ಇತ್ತು. ಡಾಕ್ಟರಮ್ಮ ಇದನ್ನು ಹೇಳಿದ ದಿನ ನಾನು ನಮ್ಮ ಮಕ್ಕಳ ಕೊಳದಲ್ಲಿ ಬರಿಗಾಲಲ್ಲಿ ನಡೆದು ನೋಡಿದೆ. ಎರಡು ಕಡೆ ಟೈಲ್ಸ್ ಸಂದಿಯ ಗ್ರೌಟ್ ಎದ್ದಿತ್ತು. ಮರಳು ಕಾಗದದ ಹಾಗೆ.

ಆ ರಾತ್ರಿ ನಾನು ಜಕೂಝಿ ಖಾಲಿ ಮಾಡಿ, ಒಳಗೆ ಕೂತು, ನೀರು ಚಿಮ್ಮುವ ನಳಿಕೆಗಳನ್ನು ಒಂದೊಂದಾಗಿ ತಿರುಗಿಸಿ ಬಿಚ್ಚಿದೆ. ಹೊರಗಿಂದ ನೋಡಿದರೆ ಬಿಳಿ ಪ್ಲಾಸ್ಟಿಕ್ಕು, ಫಳಫಳ. ಕಿರುಬೆರಳು ಒಳಗೆ ಹಾಕಿದರೆ ಲೋಳೆ. ಬೆಂಡೆಕಾಯಿ ಹೆಚ್ಚಿದಾಗ ಚಾಕುವಿಗೆ ಅಂಟುತ್ತದಲ್ಲ, ಹಾಗೆ. ಬಣ್ಣ ಇಲ್ಲ, ವಾಸನೆ ಸ್ವಲ್ಪ ಹಸಿ ಮಣ್ಣಿನದು. ಬೆರಳಿಗೆ ಸುತ್ತಿಕೊಂಡು ಎಳೆ ಎಳೆಯಾಗಿ ಬಂತು. ಈ ಲೋಳೆಯೇ ಆ ಬ್ಯಾಕ್ಟೀರಿಯಾದ ಮನೆ. ಮೇಲಿನ ನೀರಿನಲ್ಲಿ ಕ್ಲೋರಿನ್ ಇದ್ದರೂ ಲೋಳೆಯ ಒಳಪದರಕ್ಕೆ ಬೇಗ ಮುಟ್ಟುವುದಿಲ್ಲ. ಕ್ಲೋರಿನ್ ಇಳಿದ ಗಳಿಗೆಯಲ್ಲಿ ಯಾರೋ ಜೆಟ್ ಬಟನ್ ಒತ್ತುತ್ತಾರೆ, ಪೈಪಿನಲ್ಲಿ ಇದ್ದಿದ್ದೆಲ್ಲ ಮಕ್ಕಳ ಬೆನ್ನಿಗೆ ಚಿಮ್ಮುತ್ತದೆ. ಎಂಟು ನಳಿಕೆ, ಎಂಟರಲ್ಲೂ ಇತ್ತು. ನಾನು ನಾಲ್ಕು ವರ್ಷದಿಂದ ಆ ತೊಟ್ಟಿಯ ಟೈಲ್ಸ್ ಉಜ್ಜಿದ್ದೆ, ನಳಿಕೆ ಬಿಚ್ಚಿರಲಿಲ್ಲ.

ಈಗ ಲೆಕ್ಕ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ದೊಡ್ಡ ಕೊಳದಲ್ಲಿ ಒಂದೂವರೆ ಲಕ್ಷ ಲೀಟರ್ ನೀರಿದೆ. ಭಾನುವಾರ ಬೆಳಿಗ್ಗೆ ಒಟ್ಟಿಗೆ ಮೂವತ್ತು ಜನ ಇಳಿದರೂ ತಲೆಗೆ 5,000 ಲೀಟರ್. ಜಕೂಝಿಯಲ್ಲಿ ಇರುವುದು 1,800 ಲೀಟರ್. ಆರು ಜನ ಕೂತರೆ ತಲೆಗೆ 300 ಲೀಟರ್. ಬಾವಿಗೆ ಇಳಿಯುವುದಕ್ಕೂ ಹಂಡೆಗೆ ಇಳಿಯುವುದಕ್ಕೂ ಇರುವಷ್ಟು ವ್ಯತ್ಯಾಸ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುವ ಪ್ರಕಾರ ಈಜುಕೊಳದಲ್ಲಿ ಕನಿಷ್ಠ 1 ಪಿಪಿಎಂ, ಬಿಸಿನೀರಿನ ತೊಟ್ಟಿಯಲ್ಲಿ ಕನಿಷ್ಠ 3 ಪಿಪಿಎಂ ಕ್ಲೋರಿನ್ ಇರಬೇಕು. ಗಮನಿಸಿ, ತೊಟ್ಟಿಯಲ್ಲಿ ಕಡಿಮೆಯಲ್ಲ, ಮೂರು ಪಟ್ಟು. ಒಂದು ಪಿಪಿಎಂ ಅಂದರೆ ಸಾವಿರ ಲೀಟರಿಗೆ ಒಂದು ಗ್ರಾಂ. ಅಂದರೆ ನಮ್ಮ ಜಕೂಝಿಯಲ್ಲಿ ಇರಬೇಕಾದ ಕ್ಲೋರಿನ್ ಸುಮಾರು ಐದೂವರೆ ಗ್ರಾಂ. ಒಂದು ಟೀ ಚಮಚದಷ್ಟು. ಆ ಒಂದು ಚಮಚದ ಮೇಲೆ ಹದಿನಾಲ್ಕು ಮಕ್ಕಳ ಬೆವರು, ಎಣ್ಣೆ, ಕೇಕಿನ ಕ್ರೀಮು, ಹೇಳಬಾರದ ಇನ್ನೊಂದು. ಎಷ್ಟು ಹೊತ್ತು ತಡೆಯುತ್ತದೆ ಹೇಳಿ. ಸಾಲದ್ದಕ್ಕೆ ನೀರು ಬಿಸಿ. ಬಿಸಿಯಾದಷ್ಟೂ, ಗುಳುಗುಳು ಗಾಳಿ ಆಡಿದಷ್ಟೂ ಕ್ಲೋರಿನ್ ಬೇಗ ಖಾಲಿ.

ನಮ್ಮ ಬೋರ್‌ವೆಲ್ ನೀರಿನದ್ದು ಬೇರೆ ಕಥೆ. ಗಡಸು ನೀರು. ಗಾಳಿ ಆಡಿಸಿದಂತೆಲ್ಲ ಅದರ ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, ಏರುತ್ತದೆ. ಪಿಎಚ್ 7.5 ಇದ್ದಾಗ ಹಾಕಿದ ಕ್ಲೋರಿನ್‌ನಲ್ಲಿ ಅರ್ಧದಷ್ಟು ಚುರುಕಾಗಿ ಕೆಲಸ ಮಾಡುವ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ಸುಮಾರು ಕಾಲು ಭಾಗ ಮಾತ್ರ. ಟೆಸ್ಟ್ ಮಾಡಿದರೆ ಕ್ಲೋರಿನ್ ಇದೆ ಅಂತಲೇ ಬರುತ್ತದೆ. ಹಾಜರಿ ಹಾಕಿ ಮರದ ಕೆಳಗೆ ಮಲಗಿದ ಆಳಿನ ಹಾಗೆ.

ಹಾಗಾದರೆ ಮೂಗಿಗೆ ಹೊಡೆಯುವ ಆ ವಾಸನೆ ಏನು, ಅದು ಕ್ಲೋರಿನ್ ಜಾಸ್ತಿ ಆಗಿದ್ದಲ್ವಾ ಅಂತ ಆ ತಾಯಿ ಕೇಳಬಹುದು. ಎಲ್ಲರೂ ಕೇಳುತ್ತಾರೆ. ಅದು ಹೆಚ್ಚಾಗಿ ಕ್ಲೋರಮೈನ್‌ನ ವಾಸನೆ. ಮೂತ್ರ, ಬೆವರಿನ ಜೊತೆ ಕ್ಲೋರಿನ್ ಸೇರಿದಾಗ ಹುಟ್ಟುವ ವಸ್ತು ಅದು. ಕಣ್ಣು ಕೆಂಪಾಗುವುದು, ಮೂಗು ಸೋರುವುದು, ಒಣ ಕೆಮ್ಮು, ಚರ್ಮ ಚುರುಗುಟ್ಟುವುದು ಅದರಿಂದ. ಸರಿಯಾಗಿ ಇಟ್ಟುಕೊಂಡ ಕೊಳದ ಪಕ್ಕ ಕೂತರೆ ವಾಸನೆ ಅಷ್ಟಾಗಿ ಬರುವುದಿಲ್ಲ. ವಾಸನೆ ಘಾಟಾಗಿದೆ ಅಂದರೆ ಕ್ಲೋರಿನ್ ಕೊಳೆಯ ಜೊತೆ ಗುದ್ದಾಡಿ ಸೋತಿದೆ ಅಂತ ಅರ್ಥ. ಜನ ಅದನ್ನೇ ನೋಡಿ ಕ್ಲೋರಿನ್ ಕಡಿಮೆ ಮಾಡಿ ಅನ್ನುತ್ತಾರೆ.

ಕೊಳೆಗೆ ಕಾರಣ ಯಾರು? ಹೇಳಿದರೆ ಕೋಪ ಬರುತ್ತದೆ. ಭಾನುವಾರ ಬೆಳಿಗ್ಗೆ ತಲೆಗೆ ಚೆನ್ನಾಗಿ ಕೊಬ್ಬರಿ ಎಣ್ಣೆ ತಿಕ್ಕಿಕೊಂಡು ಸೀದಾ ನೀರಿಗೆ ಇಳಿಯುವವರಿದ್ದಾರೆ. ಕ್ಲೋರಿನ್‌ನಿಂದ ಕೂದಲು ಉದುರಬಾರದು ಅಂತ! ಮಧ್ಯಾಹ್ನದ ಹೊತ್ತಿಗೆ ನೀರಿನ ಅಂಚಿನ ಟೈಲ್ಸ್ ಮೇಲೆ ದೋಸೆ ಹಂಚಿನ ಅಂಚಿನ ಹಾಗೆ ಜಿಡ್ಡಿನ ಗೆರೆ. ಸೋಮವಾರ ನಾನು ಅದನ್ನು ಬೆರಳುಗುರಿನಲ್ಲಿ ಕೆರೆದರೆ ಸುರುಳಿ ಸುತ್ತಿಕೊಂಡು ಬರುತ್ತದೆ. ಕೊಳದ ಪಕ್ಕದಲ್ಲೇ ಶವರ್ ಇದೆ. ಒಂದು ನಿಮಿಷ ಅದರ ಕೆಳಗೆ ನಿಂತರೆ ಮೈಮೇಲಿನ ಬೆವರು, ಕೊಳೆ ಬಹುಪಾಲು ಹೋಗುತ್ತದೆ, ಎಣ್ಣೆಗೆ ಮಾತ್ರ ಸೋಪು ಬೇಕು. ಆ ಶವರಿನ ನಲ್ಲಿ ಸವೆದದ್ದನ್ನು ನಾನು ಕಂಡಿಲ್ಲ. ಮಕ್ಕಳು ನೀರಿನಲ್ಲಿ ಒಂದು ಮಾಡಿದರೆ ಬಣ್ಣ ಬದಲಾಗುವ ಪೌಡರ್ ಹಾಕಿದ್ದೀವಿ ಅಂತ ಹೆದರಿಸುವುದುಂಟು. ಅಂಥ ಪೌಡರ್ ನಮ್ಮ ಹತ್ತಿರ ಇಲ್ಲ. ಇದನ್ನು ಮಕ್ಕಳಿಗೆ ಓದಿ ಹೇಳಬೇಡಿ.

ಕ್ಲೋರಿನ್‌ನಿಂದ ಚರ್ಮಕ್ಕೆ ಏನೂ ಆಗುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ನಿಜವಾಗಿಯೂ ಜಾಸ್ತಿಯಾದರೆ ಆಗುತ್ತದೆ. ಅದರ ಚಹರೆ ಬೇರೆ. ನೀರಲ್ಲಿ ಇದ್ದಾಗಲೇ ಅಥವಾ ಎದ್ದ ಸ್ವಲ್ಪ ಹೊತ್ತಿಗೆ ಮೈ ಬಿಗಿಯುತ್ತದೆ, ಒಣಗುತ್ತದೆ, ಉರಿಯುತ್ತದೆ. ರೋಮದ ಬುಡಬುಡದಲ್ಲಿ ಗುಳ್ಳೆ ಏಳುವುದಿಲ್ಲ. ಮೊದಲೇ ಎಕ್ಸಿಮಾ ಇರುವ ಮಕ್ಕಳಿಗೆ ಬೇಗ ತಾಗುತ್ತದೆ. ಅಂಥವರು ಈಜಿದ ತಕ್ಷಣ ಸಿಹಿನೀರಿನಲ್ಲಿ ತೊಳೆದುಕೊಂಡು ಏನಾದರೂ ಮಾಯಿಶ್ಚರೈಸರ್ ಹಚ್ಚಿಕೊಂಡರೆ ಎಷ್ಟೋ ವಾಸಿ. ಇನ್ನು ಕಾಲ್ಬೆರಳ ಸಂದಿಯಲ್ಲಿ ಬಿಳಿ ಬಿಳಿ ಸುಲಿಯುವುದು, ತೊಡೆ ಸಂದಿಯಲ್ಲಿ ಉಂಗುರದ ಹಾಗೆ ಹುಳುಕಡ್ಡಿ, ಇವು ನೀರಿಗಿಂತ ಜಾಸ್ತಿ ಒದ್ದೆ ನೆಲದಿಂದ, ಒಬ್ಬರ ಟವೆಲ್ ಇನ್ನೊಬ್ಬರು ಒರೆಸಿಕೊಳ್ಳುವುದರಿಂದ, ಒದ್ದೆ ಚಡ್ಡಿಯಲ್ಲೇ ಕೂತು ಮಸಾಲೆ ಪುರಿ ತಿನ್ನುವುದರಿಂದ. ನಮ್ಮೂರ ಕೆರೆಗೆ ಇಳಿದು ಬಂದರೆ ಕಾಲೆಲ್ಲ ನವೆ ಏಳುತ್ತಿತ್ತು. ಅದು ಬಸವನಹುಳುವಿನಿಂದ ಹೊರಬರುವ ಒಂದು ಕಣ್ಣಿಗೆ ಕಾಣದ ಪರೋಪಜೀವಿ ಇದ್ದಿರಬಹುದು ಅಂತ ಡಾಕ್ಟರಮ್ಮ ಹೇಳಿದರು. ಕೊಳದಲ್ಲಿ ಆ ಕಾಟ ಇಲ್ಲ, ಪುಣ್ಯಕ್ಕೆ.

ಗುಳ್ಳೆ ನೋಡಿದ ತಕ್ಷಣ ನಮ್ಮ ಜನ ಮಾಡುವುದು ಇನ್ನೊಂದು. ಮೆಡಿಕಲ್ ಶಾಪಿಗೆ ಹೋಗಿ "ತುರಿಕೆಗೆ ಒಂದು ಟ್ಯೂಬ್ ಕೊಡಿ" ಅನ್ನುವುದು. ಅವರು ಕೊಡುವುದರಲ್ಲಿ ಎಷ್ಟೋ ಸಲ ಸ್ಟೆರಾಯ್ಡ್ ಸೇರಿರುತ್ತದೆ. ಹಚ್ಚಿದ ದಿನ ಸ್ವರ್ಗ. ಹುಳುಕಡ್ಡಿ ಇದ್ದರೆ ಒಳಗೊಳಗೇ ಹಬ್ಬಿ ಆಮೇಲೆ ಔಷಧಿಗೆ ಸುಲಭಕ್ಕೆ ಜಗ್ಗುವುದಿಲ್ಲ. 2018ರಲ್ಲಿ ಕೇಂದ್ರ ಸರ್ಕಾರವೇ ಇಂಥ ಎಷ್ಟೋ ಸ್ಟೆರಾಯ್ಡ್ ಮುಲಾಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿದೆ. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಮಾತ್ರ ಆ ಡಿಸೆಂಬರ್‌ನಲ್ಲಿ ಮೂರು ಬೇರೆ ಬೇರೆ ಟ್ಯೂಬಿನ ಫೋಟೋ ಓಡಾಡುತ್ತಿತ್ತು. ಡಾಕ್ಟರಮ್ಮ ಅದನ್ನು ನೋಡಿ ತಲೆ ಚಚ್ಚಿಕೊಂಡರು.

ಈಗ ನನ್ನ ಕಸುಬಿನ ಒಳಗುಟ್ಟು ಒಂದೆರಡು ಹೇಳಬೇಕು. ಇದನ್ನು ಹೇಳಿದ್ದಕ್ಕೆ ನಮ್ಮವರೇ ಬೈಯಬಹುದು.

ಬಹಳಷ್ಟು ಕಡೆ ನೀರು ಪರೀಕ್ಷೆ ಮಾಡುವುದು ಚಿಕ್ಕ ಡಬ್ಬಿಯಲ್ಲಿ ಬರುವ ಎರಡು ನಳಿಕೆಯ ಕಿಟ್‌ನಲ್ಲಿ. ಒಂದು ನಳಿಕೆಗೆ ಐದು ತೊಟ್ಟು ಹಾಕಿದರೆ ಹಳದಿ, ಅದು ಕ್ಲೋರಿನ್. ಇನ್ನೊಂದಕ್ಕೆ ಹಾಕಿದರೆ ಕೆಂಪು, ಅದು ಪಿಎಚ್. ನಾನೂ ಹದಿನೈದು ವರ್ಷ ಅದನ್ನೇ ಮಾಡಿದವನು. ಹಳದಿ ಬಂತಾ, ಸರಿ, ರಿಜಿಸ್ಟರಿನಲ್ಲಿ ಬರೆ, ಸಹಿ ಹಾಕು. ಆದರೆ ಆ ಹಳದಿ ಒಳ್ಳೆಯ ಕ್ಲೋರಿನ್ ಮತ್ತು ಸೋತ ಕ್ಲೋರಿನ್ ಎರಡನ್ನೂ ಕೂಡಿಸಿ ತೋರಿಸುತ್ತದೆ. ಒಳ್ಳೆಯದು ಎಷ್ಟು ಉಳಿದಿದೆ ಅಂತ ತಿಳಿಯಬೇಕಾದರೆ ಡಿಪಿಡಿ ಅನ್ನುವ ಬೇರೆ ಮಾತ್ರೆ ಇದೆ. ಹತ್ತು ಮಿಲಿ ನೀರಿಗೆ ಒಂದು ಮಾತ್ರೆ ಪುಡಿ ಮಾಡಿ ಹಾಕಿದರೆ ಗುಲಾಬಿ ಬಣ್ಣ. ಎರಡನೇ ಸಲ ಗುಳ್ಳೆ ಆದಮೇಲೆ ಅಂಥ ಕಿಟ್ ತರಿಸಿದೆವು. ಅದೇ ತೊಟ್ಟಿ, ಒಂದು ಭಾನುವಾರ ಸಂಜೆ. ಎರಡು ನಳಿಕೆ ಅಕ್ಕಪಕ್ಕ ಹಿಡಿದೆ. ಒಂದರಲ್ಲಿ ಒಳ್ಳೆ ನಿಂಬೆ ಷರಬತ್ತಿನ ಹಳದಿ. ಇನ್ನೊಂದರಲ್ಲಿ ಗುಲಾಬಿ ಇದೆಯೋ ಇಲ್ಲವೋ ಅನ್ನುವಷ್ಟು, ಬಿಳಿ ಕಾಗದ ಹಿಂದೆ ಇಟ್ಟು ನೋಡಬೇಕಾಯಿತು. ಇಷ್ಟು ವರ್ಷ ಎಷ್ಟು ಸಂಜೆ ಹಾಗೆ ಸಹಿ ಹಾಕಿದ್ದೇನೋ.

ಇನ್ನೊಂದು, ನಾವು ಹಾಕುವ ಪೌಡರ್. ಟಿಸಿಸಿಎ 90 ಅಂತ ಡ್ರಮ್ಮಿನಲ್ಲಿ ಬರುತ್ತದೆ. ಬಿಸಿಲಿಗೆ ಕ್ಲೋರಿನ್ ಹಾರಿಹೋಗದಂತೆ ತಡೆಯುವ ಸಯನ್ಯೂರಿಕ್ ಆಸಿಡ್ ಅದರಲ್ಲೇ ಇದೆ. ಬಯಲಿನ ದೊಡ್ಡ ಕೊಳಕ್ಕೆ ಅದು ಅನುಕೂಲ. ಆದರೆ ಕ್ಲೋರಿನ್ ಖರ್ಚಾದರೂ ಅದು ನೀರಿನಲ್ಲೇ ಉಳಿಯುತ್ತದೆ, ತಿಂಗಳು ತಿಂಗಳು ಜಾಸ್ತಿಯಾಗುತ್ತದೆ, ಆಮೇಲೆ ಕ್ಲೋರಿನ್‌ನ ಕೈಯನ್ನೇ ಕಟ್ಟಿಹಾಕುತ್ತದೆ. ಬಿಸಿನೀರಿನ ತೊಟ್ಟಿಗೆ ಇದು ಬೇಡ ಅಂತಲೇ ಸಿಡಿಸಿ ಹೇಳುತ್ತದೆ. ನಮ್ಮಲ್ಲಿ ಕೊಳಕ್ಕೂ ತೊಟ್ಟಿಗೂ ಒಂದೇ ಡ್ರಮ್ಮು, ಒಂದೇ ಮಗ್ಗು. ಈಗ ತೊಟ್ಟಿಗೆ ಹೈಪೋ, ಅಂದರೆ ಸಯನ್ಯೂರಿಕ್ ಆಸಿಡ್ ಇಲ್ಲದ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಪೌಡರ್, ಬೇರೆ ಇಟ್ಟಿದ್ದೇನೆ. ಮಗ್ಗೂ ಬೇರೆ, ಬಣ್ಣ ಬಳಿದು. ಈ ಎರಡು ಪೌಡರ್ ಒಂದಕ್ಕೊಂದು ಬೆರೆತರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಹೊಸ ಹುಡುಗರಿಗೆ ಮೊದಲು ಹೇಳಿಕೊಡಬೇಕಾದ ಪಾಠ ಇದು.

ಸಯನ್ಯೂರಿಕ್ ಆಸಿಡ್ ಕಡಿಮೆ ಮಾಡಲು ಸುಲಭದ ದಾರಿ ಒಂದೇ, ಹಳೇ ನೀರು ಬಿಟ್ಟು ಹೊಸ ನೀರು ತುಂಬುವುದು. ಬೆಂಗಳೂರಿನಲ್ಲಿ ಆ ಮಾತು ಆಡುವುದಕ್ಕೇ ಭಯ. 2024ರ ಬರಗಾಲದಲ್ಲಿ ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಅಂತ ಮಾರ್ಚ್‌ನಲ್ಲಿ ಆದೇಶ ಮಾಡಿತ್ತು. ಸರಿಯಾಗಿಯೇ ಮಾಡಿತ್ತು, ಜನ ಬಿಂದಿಗೆ ಹಿಡಿದು ಟ್ಯಾಂಕರಿಗೆ ಕಾಯುತ್ತಿದ್ದ ದಿನ ಅದು. ಆದರೆ ಅವತ್ತಿನಿಂದ ನೀರು ಬಿಡುವುದು ಅಂದರೆ ಪಾಪ ಅನ್ನುವ ಹಾಗಾಗಿದೆ. ದೊಡ್ಡ ಕೊಳದ ನೀರು ಬಿಡಿ ಅಂತ ನಾನೂ ಹೇಳುವುದಿಲ್ಲ. 1,800 ಲೀಟರಿನ ತೊಟ್ಟಿಗೆ ಯಾಕೆ ಜಿಪುಣತನ? ಆ ನೀರನ್ನು ಒಂದು ದಿನ ಮುಚ್ಚದೆ ಬಿಸಿಲಿಗೆ ಬಿಟ್ಟು, ಕ್ಲೋರಿನ್ ಇಳಿದಿದ್ದನ್ನು ನೋಡಿಕೊಂಡು, ಬೇಸ್‌ಮೆಂಟ್ ತೊಳೆಯಲು ಬಳಸುತ್ತೇವೆ. ಹದಿನೈದು ದಿನಕ್ಕೊಮ್ಮೆ ಖಾಲಿ ಮಾಡುತ್ತೇನೆ, ಜಾಸ್ತಿ ಜನ ಬಂದ ವಾರ ಇನ್ನೂ ಮುಂಚೆ. ನಳಿಕೆ ಬಿಚ್ಚಿ ಬ್ರಷ್ ಹಾಕುತ್ತೇನೆ. ಆಮೇಲೆ ಆ ಅಪಾರ್ಟ್‌ಮೆಂಟ್‌ನಲ್ಲಿ ಈ ಗುಳ್ಳೆ ಮತ್ತೆ ಬಂದಿಲ್ಲ. ನಾಳೆ ಬರುವುದಿಲ್ಲ ಅಂತ ಬರೆದುಕೊಡಲಾರೆ.

ಸರ್ಕಾರಕ್ಕೆ ನನ್ನದೂ ಒಂದು ಕೋರಿಕೆ ಇದೆ, ಆ ತಾಯಿಯದ್ದರ ತದ್ವಿರುದ್ಧ. ಈಜುಕೊಳದ ನೀರು ಹೇಗಿರಬೇಕು ಅಂತ ನಮ್ಮ ದೇಶದಲ್ಲೇ ಮಾನದಂಡ ಇದೆ, ಐಎಸ್ 3328 ಅದರ ನಂಬರು. ಅದರ ಪ್ರತಿಯನ್ನು ಯಾವ ಪಂಪ್ ರೂಮಿನಲ್ಲೂ ನಾನು ಕಂಡಿಲ್ಲ. ಹೊಸ ಕಾನೂನು ಬೇಕಿಲ್ಲ. ಕೊಳ ಇರುವ, ಜಕೂಝಿ ಇರುವ ಪ್ರತಿ ಅಪಾರ್ಟ್‌ಮೆಂಟ್, ಕ್ಲಬ್ಬು, ರೆಸಾರ್ಟ್, ಹೋಮ್‌ಸ್ಟೇ ನೀರಿನ ಪಕ್ಕದಲ್ಲೇ ಒಂದು ಬೋರ್ಡ್ ತೂಗುಹಾಕಲಿ. ಇವತ್ತಿನ ಕ್ಲೋರಿನ್ ಎಷ್ಟು, ಪಿಎಚ್ ಎಷ್ಟು, ಎಷ್ಟು ಗಂಟೆಗೆ ನೋಡಿದ್ದು. ಅಷ್ಟೇ. ಜನ ಇರುವ ಹೊತ್ತಿನಲ್ಲಿ ಎರಡು ಮೂರು ಗಂಟೆಗೊಮ್ಮೆ ಬದಲಾಯಿಸಲಿ. ರಿಜಿಸ್ಟರ್ ಬೀಗ ಹಾಕಿದ ರೂಮಿನಲ್ಲಿ ಇದ್ದರೆ ಅದರಲ್ಲಿ ಏನು ಬೇಕಾದರೂ ಬರೆಯಬಹುದು. ನಾನೇ ಬರೆದಿದ್ದೇನಲ್ಲ.

ಮಲೆನಾಡಿನ ಕಡೆ ಚಿಕ್ಕ ಚಿಕ್ಕ ಹೋಮ್‌ಸ್ಟೇಗಳಲ್ಲೂ ಈಗ ಜಕೂಝಿ ಬಂದಿದೆ. ಕಾಫಿ ಗಿಡದ ಮಧ್ಯೆ, ಫೋಟೋಗೆ ಚೆಂದ. ನನ್ನ ಹಳೇ ಜೊತೆಗಾರನೊಬ್ಬ ಅಂಥ ಕಡೆ ಕೆಲಸಕ್ಕಿದ್ದಾನೆ. ಅಡುಗೆಗೆ ಸೌದೆ ಒಡೆಯುವವನೂ ಅವನೇ, ಜಕೂಝಿಗೆ ಪೌಡರ್ ಹಾಕುವವನೂ ಅವನೇ. ಟೆಸ್ಟ್ ಕಿಟ್ ಇದೆಯೇನೋ ಅಂತ ಕೇಳಿದ್ದಕ್ಕೆ "ನೀರು ಕನ್ನಡಿ ಥರ ಇದೆ ಬಿಡಣ್ಣ" ಅಂದ. ಕನ್ನಡಿ ಥರ ಇದ್ದ ನೀರಲ್ಲೇ ನಮ್ಮ ಹದಿನಾಲ್ಕು ಮಕ್ಕಳು ಕೂತಿದ್ದು.

ಆ ತಾಯಿಗೆ ಒಂದು ಮಾತು. ಅಕ್ಕಾ, ಮುಂದಿನ ಸಲ ಹೋದಾಗ ಅವರನ್ನು ಕೇಳಿ, ಈ ನೀರು ಯಾವಾಗ ಬದಲಾಯಿಸಿದಿರಿ, ಇವತ್ತು ಎಷ್ಟು ಗಂಟೆಗೆ ಕ್ಲೋರಿನ್ ನೋಡಿದಿರಿ ಅಂತ. ತಡವರಿಸಿದರೆ ಮಕ್ಕಳನ್ನು ಇಳಿಸಬೇಡಿ. ನೀರು ಬೆರಳಿಗೆ ನುಣುಪಾಗಿ, ತೊಟ್ಟಿಯ ಗೋಡೆ ಜಾರುವಂತಿದ್ದರೂ ಬೇಡ. ಪರೀಕ್ಷೆ ಮಾಡುವ ಪಟ್ಟಿಗಳು ಆನ್‌ಲೈನಿನಲ್ಲಿ ಸಿಗುತ್ತವೆ, ನೀರಿಗೆ ಅದ್ದಿ ಡಬ್ಬಿಯ ಮೇಲಿನ ಬಣ್ಣಕ್ಕೆ ಹೋಲಿಸಿ ನೋಡುವುದು. ನೀರಿನಿಂದ ಎದ್ದ ಕೂಡಲೇ ಈಜುಡುಗೆ ತೆಗೆಸಿ, ಸೋಪು ಹಾಕಿ ಸ್ನಾನ ಮಾಡಿಸಿ, ಆ ಬಟ್ಟೆಯನ್ನೂ ಒಗೆದು ಒಣಗಿಸಿ. ಇಷ್ಟು ಮಾಡಿದರೂ ನೀರೇ ಕೆಟ್ಟಿದ್ದರೆ ಗುಳ್ಳೆ ಬರಬಹುದು. ಬಂದರೆ ಮೊದಲು ರೆಸಾರ್ಟ್‌ಗೆ ಫೋನ್ ಮಾಡಿ ತಿಳಿಸಿ, ಅವತ್ತು ಸಂಜೆ ಇನ್ಯಾರದೋ ಮಕ್ಕಳು ಅದರಲ್ಲಿ ಕೂತಿರುತ್ತಾರೆ. ನಿಮ್ಮ ಮಗಳಿಗೆ ಇಷ್ಟು ಹೊತ್ತಿಗೆ ವಾಸಿಯಾಗಿದೆ ಅಂದುಕೊಂಡಿದ್ದೇನೆ.

ನಮ್ಮಲ್ಲಿ ಬೋರ್ಡ್ ಹಾಕಿ ಒಂದೂವರೆ ವರ್ಷವಾಯಿತು. ಅಂಗಡಿಯಲ್ಲಿ ಸಿಗುವ ಸಾದಾ ವೈಟ್‌ಬೋರ್ಡ್, ಒಂದು ಮಾರ್ಕರ್ ದಾರಕ್ಕೆ ಕಟ್ಟಿದ್ದು. ದೊಡ್ಡವರು ಅದರ ಮೇಲೆ ಟವೆಲ್ ನೇತುಹಾಕುತ್ತಾರೆ. ಓದುವವನು ಒಬ್ಬನೇ, ಆರನೇ ಕ್ಲಾಸಿನ ಒಬ್ಬ ಹುಡುಗ. ಅವತ್ತಿನ ಹದಿನಾಲ್ಕು ಜನರಲ್ಲಿ ಅವನೂ ಇದ್ದ. ಮೊನ್ನೆ ಸಂಜೆ ಬಂದು ಟವೆಲ್ ಸರಿಸಿ ನೋಡಿದ.

"ಅಂಕಲ್, ಜಕೂಝಿ 1.5 ಅಂತ ಇದೆ. ಮೂರು ಇರ್ಬೇಕಲ್ವಾ?"

"ಹೌದಪ್ಪ, ಈಗಷ್ಟೇ ನೋಡ್ದೆ. ಹಾಕ್ತೀನಿ, ಇರು."

ನಾನು ಹೈಪೋ ತೂಗಿ, ಬಕೆಟ್ಟಿನಲ್ಲಿ ಕರಗಿಸಿ, ಪಂಪ್ ಓಡಿಸಿ ಬಿಟ್ಟೆ. ಅವನು ಮೆಟ್ಟಿಲ ಮೇಲೆ ಕಾಲು ಮಡಚಿಕೊಂಡು ಕೂತ. ಅರ್ಧ ಗಂಟೆ ಬಿಟ್ಟು ಗುಲಾಬಿ ನೋಡಿ, 1.5 ಒರೆಸಿ 3.5 ಅಂತ ಬರೆದೆ. ಬರೆದು ತಿರುಗುವಷ್ಟರಲ್ಲಿ ಅವನು ಶವರ್ ಕೆಳಗಿದ್ದ.

ಇಂತಿ,
ಒಬ್ಬ ಈಜುಕೊಳದ ಕೆಲಸಗಾರ, ಬೆಂಗಳೂರು

(ದಯವಿಟ್ಟು ಹೆಸರು ಹಾಕಬೇಡಿ. ಇನ್ನೂ ಅಲ್ಲೇ ಕೆಲಸದಲ್ಲಿದ್ದೇನೆ.)